ಸೂಲಗಿತ್ತಿಯ ಕೈ

ಹೇರೂರಿನಂಥ ಮಲೆನಾಡಿನ ಊರಲ್ಲಿ ಮಳೆ ಹಿಡಿಯಿತೆಂದರೆ ಆಚೆಮನೆಗೆ ಹೋಗಲೂ ತೋಟ, ಹಳ್ಳ, ಸಂಕ ದಾಟಬೇಕು. ಸಿದ್ದಾಪುರ, ಶಿರಸಿಗೆ ವಾಹನ ಅಪರೂಪವಾಗಿದ್ದ ಕಾಲದಲ್ಲಿ ನೋವು ಶುರುವಾದೊಡನೆ ಇಂಥ ಊರುಗಳಲ್ಲಿ ಕರೆ ಹೋಗುತ್ತಿದ್ದುದು ಸೂಲಗಿತ್ತಿಗೆ. ಕಂಬಳಿಕೊಪ್ಪೆ ಹೊದ್ದು ಬಂದವಳು ಬಚ್ಚಲ ಹಂಡೆಗೆ ಬೆಂಕಿ ಹಾಕಿಸಿ, ಬಸುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂಸಿನ ತಲೆ ಎತ್ತ ತಿರುಗಿದೆ ಎಂದು ನೋಡುತ್ತಿದ್ದಳು.

ಈ ವಿದ್ಯೆಗೆ ಪುಸ್ತಕವಿರಲಿಲ್ಲ, ಅಜ್ಜಿಯರಿದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಕಲಿತದ್ದೂ ಅಜ್ಜಿಯಿಂದಲೇ. ಅಕ್ಷರ ಬಾರದ ಅವರು ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಆದರೆ ಕೈಗುಣವೊಂದೇ ಸಾಲದು. ಹೊಕ್ಕುಳಬಳ್ಳಿ ಕೊಯ್ಯುವ ಕತ್ತಿಯಿಂದಲೇ ಕೂಸಿಗೆ ಧನುರ್ವಾಯು ತಗಲುವುದಿತ್ತು. ಸೂಲಗಿತ್ತಿಯರ ತರಬೇತಿ ಕಲಿಸಿದ್ದು ಶುಚಿಯ ಪಾಠ: ಕೈ, ಹಾಸು, ಬ್ಲೇಡು, ಕಟ್ಟುವ ದಾರ, ಹೊಕ್ಕುಳು ಎಲ್ಲವೂ ಶುಚಿ. ಅದಕ್ಕಿಂತ ದೊಡ್ಡ ಪಾಠ, ಕೂಸು ಅಡ್ಡವಾಗಿದ್ದರೆ, ರಕ್ತ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳಿಸುವುದು. ತನ್ನ ವಿದ್ಯೆಯ ಗಡಿ ತಿಳಿಯುವುದೂ ವಿದ್ಯೆಯೇ.

ಈಗ ಹೆರಿಗೆ ಆಸ್ಪತ್ರೆಗೆ ಹೋಗಿದೆ, ಒಳ್ಳೆಯದೇ ಆಯಿತು. 2018ರಲ್ಲಿ ಕೇಂದ್ರ ಸರ್ಕಾರ ನರ್ಸುಗಳಿಗೆ 18 ತಿಂಗಳ ಸೂಲಗಿತ್ತಿ ತರಬೇತಿಯ ಮಾರ್ಗಸೂಚಿ ತಂದಿತು. ಆ ಪಾಠದ ಜೊತೆಗೆ ಹಳೆಯ ಸೂಲಗಿತ್ತಿಯ ಒಂದು ಗುಣವೂ ಬರಲಿ: ಅವಸರಿಸದೆ, ಬೈಯದೆ, ಬಸುರಿಯ ಬೆನ್ನು ನೀವುತ್ತ ಬೆಳಗಿನವರೆಗೂ ಕಾಯುವ ತಾಳ್ಮೆ.