ಬಾಕಿ ಉಳಿದ ಆಟಗಳು ಮತ್ತು ‘ವೆಣ್ಬಾ’

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವಿಡಿಯೊ ಗೇಮಿನ ವಿಮರ್ಶೆಯೇ ಎಂದು ಹಿರಿಯರು ಹುಬ್ಬೇರಿಸಬಹುದು. ಕೆಲವು ತಿಂಗಳ ಹಿಂದೆ ನಾನೂ ಹಾಗೆಯೇ ಮಾಡುತ್ತಿದ್ದೆ. ಹೊಸೂರಿನಿಂದ ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿಬರುವ ನನ್ನ ಮಗ, ದೀಪಾವಳಿಯ ರಜೆಯಲ್ಲಿ ತನ್ನ ಕಂಪ್ಯೂಟರಿನೊಳಗಿನ ಪಟ್ಟಿಯೊಂದನ್ನು ತೋರಿಸಿದ. ‘ಸ್ಟೀಮ್’ ಎಂಬ ಅಂತರ್ಜಾಲದ ಮಳಿಗೆಯಲ್ಲಿ ರಿಯಾಯಿತಿ ಬಂದಾಗಲೆಲ್ಲ ಕೊಂಡಿಟ್ಟ ಆಟಗಳು ಅಲ್ಲಿ 140 ಇದ್ದವು. ಆಡಿ ಮುಗಿಸಿದವು 19. ಉಳಿದವನ್ನು ಅವನು ‘ಬಾಕಿ’ ಎಂದು ಕರೆದ. ವರ್ಷದೊಳಗೆ ತೀರಿಸಬೇಕೆಂದು ಒಂದೊಂದರ ಮುಂದೆಯೂ ತಗಲುವ ಗಂಟೆಗಳನ್ನು ಬರೆದುಕೊಂಡಿದ್ದ.

ಆ ಮಾತು ನನ್ನನ್ನೂ ಚುಚ್ಚಿತು. ಸಮ್ಮೇಳನಗಳ ಪುಸ್ತಕ ಮಳಿಗೆಗಳಿಂದ ಹೊತ್ತು ತಂದು ಓದದೆ ಇಟ್ಟ ಪುಸ್ತಕಗಳನ್ನು ಎಣಿಸುವ ಧೈರ್ಯ ನನಗಿಲ್ಲ. ಆದರೂ ‘ಬಾಕಿ’ ಎಂಬುದು ದಿನಸಿ ಅಂಗಡಿಯ ಲೆಕ್ಕದ ಮಾತು. ಕೃತಿಯೊಂದು ಸಾಲವೆನಿಸಿದೊಡನೆ ಸವಿಯುವುದು ನಿಂತು ತೀರಿಸುವುದು ಮೊದಲಾಗುತ್ತದೆ. ಪೋಲೆಂಡಿನ ಲೇಖಕ ಆಂಡ್ರೆ ಸಪ್ಕೊವ್‌ಸ್ಕಿಯ ಕಥಾಲೋಕವನ್ನು ಆಧರಿಸಿದ ‘ದಿ ವಿಚರ್ 3’ (2015) ಮುಖ್ಯ ಕಥೆಯೊಂದಕ್ಕೇ ಸುಮಾರು 50 ಗಂಟೆ ಬೇಡುವ ಆಟ. ಮಗ ಅದರ ಸಂಭಾಷಣೆಗಳನ್ನೆಲ್ಲ ಗುಂಡಿಯೊತ್ತಿ ಹಾರಿಸುತ್ತ ಓಡುತ್ತಿದ್ದ. ವರ್ಣನೆ ಬಂದಲ್ಲಿ ಪುಟ ಮಗುಚುವ ಓದುಗನ ನೆನಪಾಯಿತು. (ನಮ್ಮ ಅಳಗುಳಿಮಣೆಗೆ ಈ ತೊಂದರೆ ಇರಲಿಲ್ಲ. ನೆರೆಯ ತಮಿಳರು ಪಲ್ಲಾಂಕುಳಿ ಎನ್ನುವ ಆ ಆಟಕ್ಕೆ ಎದುರಿಗೆ ಇನ್ನೊಬ್ಬರು ಕೂರಲೇಬೇಕು; ಕೊಂಡು ಕೂಡಿಡುವ ಬಗೆಯೇ ಇಲ್ಲ.)

ಈ ಅವಸರಕ್ಕೆ ತಡೆಯೊಡ್ಡಿದ್ದು ಪಟ್ಟಿಯ ಅತಿ ಚಿಕ್ಕ ಆಟ, ‘ವೆಣ್ಬಾ’. ಟೊರಾಂಟೊದ ವಿಸೈ ಗೇಮ್ಸ್ ಸಂಸ್ಥೆ 2023ರಲ್ಲಿ ಹೊರತಂದ ಈ ಕೃತಿಗೆ ಮರುವರ್ಷ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿ ಬಂದಿತು. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆಂಬ ಕಾರಣಕ್ಕೇ ಮಗ ಅದನ್ನು ಮೊದಲು ಆರಿಸಿದ್ದ. ವೆಣ್ಬಾ ಎಂಬುದು ತಮಿಳಿನ ಪ್ರಾಚೀನ ಛಂದಸ್ಸು. ತಿರುಕ್ಕುರಳಿನ ದ್ವಿಪದಿಗಳು ಅದರ ಒಂದು ಪ್ರಭೇದದಲ್ಲಿವೆ. ಇಲ್ಲಿ ಅದು 1980ರ ದಶಕದಲ್ಲಿ ಕೆನಡಾದಲ್ಲಿ ನೆಲೆಸುವ ತಾಯಿಯೊಬ್ಬಳ ಹೆಸರು. ಅವಳ ತಾಯಿಯಿಂದ ಬಂದ ಅಡುಗೆ ಪುಸ್ತಕ ಹರಿದಿದೆ, ಅಲ್ಲಲ್ಲಿ ಅಕ್ಷರಗಳು ಅಳಿಸಿವೆ. ಅಳಿದ ಸಾಲನ್ನು ಊಹಿಸಿ ಅಡುಗೆಯನ್ನು ಸರಿಯಾಗಿ ಇಳಿಸುವುದೇ ಆಟ. ಇಡ್ಲಿ ತಟ್ಟೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಹಬೆ ಎಲ್ಲಕ್ಕೂ ತಾಗುತ್ತದೆ? ತಪ್ಪಿದರೆ ದಂಡವಿಲ್ಲ, ಮತ್ತೊಮ್ಮೆ ಮಾಡಬಹುದು. ಗೆಲುವಿನ ಲೆಕ್ಕವೇ ಇಲ್ಲದ ಈ ರಚನೆಯಲ್ಲಿ ರೂಪವೂ ವಸ್ತುವೂ ಒಂದಾಗಿವೆ: ಪಾಠ ಕಳೆದುಹೋದಲ್ಲಿ ಕೈಯ ನೆನಪು ಅದನ್ನು ತುಂಬುತ್ತದೆ, ಆಡುವವನೂ ಕೈಯಿಂದಲೇ ಕಲಿಯುತ್ತಾನೆ.

ದೋಷಗಳಿಲ್ಲವೆಂದಲ್ಲ. ವರ್ಷಗಳು ಅಧ್ಯಾಯದಿಂದ ಅಧ್ಯಾಯಕ್ಕೆ ನೆಗೆಯುವ ಭರದಲ್ಲಿ ತಂದೆ ಪಾವಲನ್‌ನ ಪಾತ್ರ ನೆರಳಾಗಿಯೇ ಉಳಿಯುತ್ತದೆ. ತಾಯಿ ಮಗನ ನಡುವೆ ಬೆಳೆದ ಬಿರುಕನ್ನು ಅಡುಗೆ ಇಷ್ಟು ಬೇಗ ಬೆಸೆಯಬಲ್ಲದೆಂಬುದನ್ನು ನಾನು ನಂಬಲಾರೆ. ಆದರೆ ಬೆಳೆದ ಮಗ ಕವಿನ್ ಅದೇ ಪುಸ್ತಕವನ್ನು ಕೈಗೆತ್ತಿಕೊಳ್ಳುವ ಭಾಗ ಶ್ರೇಷ್ಠವಾದದ್ದು. ಅವನಿಗೆ ತಮಿಳು ಅರ್ಧಂಬರ್ಧ. ತಾಯಿಗೆ ಹರಿದ ಹಾಳೆ ಒಡ್ಡಿದ್ದ ಅಡ್ಡಿಯನ್ನು ಮಗನಿಗೆ ಭಾಷೆಯೇ ಒಡ್ಡುತ್ತದೆ.

ತೆರೆಯ ಮೇಲಿನ ಆ ತಮಿಳನ್ನು ನನ್ನ ಮಗ ಸರಾಗವಾಗಿ ಓದಿದ. 2006ರ ತಮಿಳು ಕಲಿಕಾ ಕಾಯ್ದೆಯಂತೆ ಒಂದನೇ ತರಗತಿಯಿಂದ ತಮಿಳು ಕಲಿತ ಮೊದಲ ತಂಡದವನು ಅವನು. ಆ ಕಲಿಕೆಯಿಂದ ನಷ್ಟವಾಯಿತೆಂದು ನಾನು ಹೇಳಲಾರೆ. ಕವಿನ್‌ಗೆ ತಿಳಿಯದ್ದು ಇವನಿಗೆ ತಿಳಿದದ್ದು ಅದರಿಂದಲೇ. ಆದರೆ ನಮ್ಮ ಅಡುಗೆಮನೆಯ ಗೂಡಿನಲ್ಲಿ ನನ್ನ ತಾಯಿ ಕನ್ನಡದಲ್ಲಿ ಬರೆದಿಟ್ಟ ಒಂದು ನೋಟ್‌ಪುಸ್ತಕವಿದೆ. ಅದು ಎಲ್ಲಿಯೂ ಹರಿದಿಲ್ಲ, ಅಕ್ಷರ ಮಾಸಿಲ್ಲ. ಅವನಿಗೆ ಓದಲು ಬಾರದು. ಮನೆಯಲ್ಲಿ ಮಾತನಾಡುತ್ತಾನಲ್ಲ, ಅಷ್ಟು ಸಾಕೆಂದುಕೊಂಡು ಅಕ್ಷರ ತಿದ್ದಿಸದೆ ಬಿಟ್ಟವರು ನಾವು. ಅದಕ್ಕೆ ಯಾವ ಕಾಯ್ದೆಯನ್ನೂ ದೂರುವಂತಿಲ್ಲ. ಗಡಿನಾಡಿನ ಸಂಘದವರಾದ ನಾವು ಈ ಮಾತನ್ನು ವೇದಿಕೆಯ ಮೇಲೆ ಆಡುವುದು ಕಡಿಮೆ.

ಆಟ ಮುಗಿದ ಮೇಲೆ ಅವನು ಎದ್ದುಹೋಗಿ ಆ ನೋಟ್‌ಪುಸ್ತಕ ತಂದ. ‘ಅಪ್ಪ, ಇದರಲ್ಲಿ ಬಸ್ಸಾರು ಎಲ್ಲಿದೆ?’ ಎಂದು ಕೇಳಿದ. ಪುಟ ತೆಗೆದುಕೊಟ್ಟು ನಾನು ಸುಮ್ಮನೆ ಕುಳಿತೆ. ಅಕ್ಷರದ ಮೇಲೆ ಬೆರಳಿಟ್ಟು ಒಂದೊಂದಾಗಿ ಕೂಡಿಸುತ್ತ ನಾಲ್ಕು ಸಾಲಿಗೆ ಅರ್ಧ ಗಂಟೆ ತೆಗೆದುಕೊಂಡ, ಒತ್ತಕ್ಷರಗಳಲ್ಲಿ ಎಡವಿದ. ‘ಬೇಳೆ ಒಂದು ಪಾವು’ ಎಂಬಲ್ಲಿ ನಿಂತು, ಪಾವು ಎಂದರೆ ಎಷ್ಟು ಎಂದ. ಸೇರಿನ ಕಾಲು ಭಾಗ ಎಂದು ಹೇಳಿದರೆ ಸೇರು ಎಷ್ಟು ಎಂಬ ಪ್ರಶ್ನೆ ಬಂದಿತು. ಅವನ ತಾಯಿ ಅಟ್ಟದಿಂದ ಹಿತ್ತಾಳೆಯ ಪಾವನ್ನು ಇಳಿಸಿ, ಒರೆಸಿ, ಅವನ ಮುಂದಿಟ್ಟಳು.