ಮೆಟ್ರೋ ಸಂಭ್ರಮ ಮತ್ತು ತಲೆಯ ಮೇಲಿನ ಗಂಟು

2025ರ ಆಗಸ್ಟ್ 10ರಂದು ಪ್ರಧಾನಿ ನರೇಂದ್ರ ಮೋದಿಯವರು ಬೆಂಗಳೂರಿನಲ್ಲಿ 'ನಮ್ಮ ಮೆಟ್ರೋ'ದ ಹಳದಿ ಮಾರ್ಗವನ್ನು ಉದ್ಘಾಟಿಸಿದರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿ.ಮೀ., 16 ನಿಲ್ದಾಣಗಳು. ಜನರ ಪ್ರತಿಕ್ರಿಯೆ ಮೂರು ಬಗೆಯಲ್ಲಿತ್ತು. ಕೆಲವರು ಮೊದಲ ದಿನವೇ ರೈಲು ಹತ್ತಿ ಫೋಟೋ ತೆಗೆಸಿಕೊಂಡರು. ಕೆಲವರು ಹೆಚ್ಚು ಹಣ ಕೊಟ್ಟದ್ದು ಕೇಂದ್ರವೋ ರಾಜ್ಯವೋ ಎಂದು ಕಿತ್ತಾಡಿದರು. ಇನ್ನು ಕೆಲವರು, ಗಡುವಿನ ಮೇಲೆ ಗಡುವು ದಾಟಿ ಬಂದ ಮಾರ್ಗಕ್ಕೆ ಮೂರೇ ರೈಲು, ಅದೂ 25 ನಿಮಿಷಕ್ಕೊಂದು, ಇದೆಂಥ ಸೇವೆ ಎಂದು ಕೇಳಿದರು.

ನಮಗೆ ಈ ಮೂರನೆಯವರ ಮಾತೇ ಹಿಡಿಸುತ್ತದೆ. ಕೇಳಿದವರಿಗೆ ಫಲ ಸಿಕ್ಕಿದ ಉದಾಹರಣೆಗಳೂ ಇವೆ. 2017ರಲ್ಲಿ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಕನ್ನಡಿಗರು ದನಿ ಎತ್ತಿದರು. ಫಲಕಗಳಿಂದ ಹಿಂದಿ ಹೋಯಿತು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು, ಕೆಲವು ದೂರಗಳಿಗೆ ದರ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಜನ ಸಿಟ್ಟಿಗೆದ್ದ ಮೇಲೆ ಏರಿಕೆಗೆ ಶೇ. 71ರ ಮಿತಿ ಹಾಕಲಾಯಿತು.

ಆದರೆ ಈ ಪ್ರಶ್ನೆಗಳೆಲ್ಲ ಈಗಾಗಲೇ ರೈಲು ಹತ್ತಿದವರ ಪ್ರಶ್ನೆಗಳು. ಹತ್ತಲಾಗದವರ ಪರವಾಗಿ ಕೇಳುವವರಾರು?

2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು ಬಟ್ಟೆ ಕೊಳಕಾಗಿದೆಯೆಂದು ತಡೆಯಲಾಯಿತು. ಅಲ್ಲಿದ್ದ ಪ್ರಯಾಣಿಕರು ಅವರ ಪರ ವಾದಿಸಿದರು. ಮೆಟ್ರೋ ಕುರಿತ ಇಷ್ಟು ವರ್ಷಗಳ ಸಾರ್ವಜನಿಕ ಪ್ರತಿಕ್ರಿಯೆಗಳಲ್ಲಿ ಇದಕ್ಕಿಂತ ದೊಡ್ಡದು ನಮಗೆ ಕಾಣದು. ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು, ಸುದ್ದಿ ತಣ್ಣಗಾಯಿತು. ಕೊಳಕು ಬಟ್ಟೆಯವನು ಇಲ್ಲಿಗೆ ಸಲ್ಲ ಎಂದು ಆ ಮೇಲ್ವಿಚಾರಕನಿಗೆ ಕಲಿಸಿದವರು ಯಾರೆಂದು ಮಾತ್ರ ಯಾರೂ ವಿಚಾರಿಸಲಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಂದಿನಿಂದ 'ಒಳಗೆ ಹೋದರೆ ವಿದೇಶಕ್ಕೆ ಹೋದಂತಿದೆ' ಎಂಬ ಹೊಗಳಿಕೆಯನ್ನು ಕೇಳುತ್ತಲೇ ಬಂದಿದ್ದೇವೆ. ಆ 'ವಿದೇಶ'ದಲ್ಲಿ ಮಣ್ಣು ಮೆತ್ತಿದ ಪಂಚೆಗೆ ಜಾಗ ಎಲ್ಲಿದೆ? ಆತ ನಮ್ಮ ಹೊಗಳಿಕೆಯನ್ನೇ ಜಾರಿಗೆ ತಂದ. ಸ್ವಚ್ಛತೆ ಬೇಕು, ನಿಜ. ಆದರೆ ನೆಲದ ಕಸ ಗುಡಿಸುವುದು ಬೇರೆ, ಬಡವನನ್ನೇ ಕಸವೆಂದು ಗುಡಿಸುವುದು ಬೇರೆ.

ದರವೂ ಒಂದು ಬಾಗಿಲೇ. 2023ರ ಜೂನ್‌ನಲ್ಲಿ ಬಂದ 'ಶಕ್ತಿ' ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾಯಿತು; ಮೆಟ್ರೋ ಅದರೊಳಗಿಲ್ಲ. ಮೇಲೆ ರೈಲು ಓಡುತ್ತಿದ್ದರೂ ಗಾರ್ಮೆಂಟ್ ಹೆಣ್ಣುಮಗಳು ಕೆಳಗೆ ಬಸ್ಸಿನಲ್ಲಿ ನೇತಾಡುತ್ತಾಳೆ. 2023ರ ಜನವರಿಯಲ್ಲಿ ನಾಗವಾರದ ಬಳಿ ನಿರ್ಮಾಣ ಹಂತದ ಕಂಬದ ಕಬ್ಬಿಣದ ಚೌಕಟ್ಟು ಕುಸಿದು ತಾಯಿ ಮತ್ತು ಎಳೆಯ ಮಗು ತೀರಿಕೊಂಡರು. ಉದ್ಘಾಟನೆಯ ಹಾರತುರಾಯಿಗಳ ನಡುವೆ ಇಂಥವರ ನೆನಪು ಎಷ್ಟು ಜನರಿಗೆ ಬರುತ್ತದೆ?

ದೂರದ ಸೊರಬ ತಾಲೂಕಿನ ಹೊಸಬಾಳೆಯಲ್ಲಿ ಕುಳಿತು ನಾವು ಇದನ್ನೇಕೆ ಬರೆಯಬೇಕು? ನಮ್ಮ ಮಕ್ಕಳೂ ದುಡಿಯಲು ಹೋಗುವುದು ಆ ನಗರಕ್ಕೇ. ನಾವು ರೈಲು ಹಿಡಿಯಬೇಕಾದರೆ ಸಾಗರಕ್ಕೋ ತಾಳಗುಪ್ಪಕ್ಕೋ ಹೋಗಬೇಕು. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೆ 2023ರ ಫೆಬ್ರವರಿ 27ರಂದು ಶಂಕುಸ್ಥಾಪನೆಯಾಗಿದೆ. ಆ ರೈಲು ಬಂದ ದಿನ ನಾವೂ ಹಾರ ಹಿಡಿದು ನಿಂತು, ಯಾರು ತಂದದ್ದೆಂದು ಜಗಳವಾಡಿ, ಮನೆಗೆ ಮರಳುತ್ತೇವೆಯೇ?

ಕುರ್‌ಆನ್ ಝಕಾತ್‌ನ ಎಂಟು ಹಕ್ಕುದಾರರಲ್ಲಿ ದಾರಿಹೋಕನನ್ನೂ ಸೇರಿಸಿದೆ. ಅವನ ಬಟ್ಟೆ ಹೇಗಿರಬೇಕೆಂಬ ಷರತ್ತು ಅಲ್ಲಿಲ್ಲ. ಬೇಸಗೆಯಲ್ಲಿ ಅರವಟಿಗೆ ಇಟ್ಟು ನೀರು ಕೊಟ್ಟ ನಮ್ಮ ಹಿರಿಯರೂ ಬಂದವನ ಜಾತಿ, ಧರ್ಮ ಕೇಳದಿರುವುದನ್ನೇ ಪುಣ್ಯವೆಂದು ತಿಳಿದಿದ್ದರು. ದಾರಿ ನಡೆಯುವವನದು ಎಂಬುದು ಈ ನಾಡಿನ ಹಳೆಯ ತಿಳಿವಳಿಕೆ.

ಹಾಗಾಗಿ ಹೊಸ ಮಾರ್ಗವನ್ನು ಕಿಲೋಮೀಟರುಗಳಲ್ಲಿ ಅಳೆದರೆ ಸಾಲದು. ಶುಂಠಿಯ ಚೀಲ ಹೊತ್ತ ರೈತ, ಬುರ್ಖಾದ ಮುದುಕಿ, ಗಾರೆ ಕೆಲಸ ಮುಗಿಸಿ ಬಂದ ಕೂಲಿ, ಇವರು ಯಾರ ಕಣ್ಣಿಗೂ ಅಂಜದೆ ಒಳಗೆ ಬಂದು ಕೂರಬಲ್ಲರೇ? ಹಾಗಾದ ದಿನ ಅದನ್ನು 'ನಮ್ಮ' ಎಂದು ಕರೆಯೋಣ.