ನಗು ಅಡಗಿರುವುದು ಒತ್ತಕ್ಷರದಲ್ಲಿ

ಡಾಕ್ಟರ್ ಸೂಸ್ ಅವರ ‘ದಿ ಕ್ಯಾಟ್ ಇನ್ ದಿ ಹ್ಯಾಟ್’ ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಚಿರಪರಿಚಿತ. ಅದರ ಹಿಂದೆ ಒಂದು ದೂರು ಇದೆ. ಶಾಲೆಯ ಓದುಪುಸ್ತಕಗಳು ಸಪ್ಪೆ, ಅವುಗಳಲ್ಲಿನ ಮಕ್ಕಳು ಅತಿ ಸಭ್ಯರು ಎಂದು 1954ರಲ್ಲಿ ಜಾನ್ ಹರ್ಸಿ ‘ಲೈಫ್’ ಪತ್ರಿಕೆಯಲ್ಲಿ ಬರೆದರು. ಅನಂತರ ಪ್ರಕಾಶಕರೊಬ್ಬರು ಸೂಸ್ ಅವರಿಗೆ ಪದಗಳ ಪಟ್ಟಿ ಕೊಟ್ಟು, ಇಷ್ಟರಲ್ಲೇ ಕಥೆ ಹೇಳಿ ಎಂದರು. 1957ರಲ್ಲಿ ಬಂದ ಆ ಪುಸ್ತಕದಲ್ಲಿರುವುದು 236 ಬೇರೆ ಬೇರೆ ಪದಗಳು ಮಾತ್ರ.

ಮಕ್ಕಳು ನಗುವುದು ಬೆಕ್ಕಿನ ಕಿತಾಪತಿಗೆ ಎನ್ನುವುದು ಅರ್ಧ ಮಾತು. ಕಿತಾಪತಿ ಚಿತ್ರದಲ್ಲೂ ಕಾಣುತ್ತದೆ, ಅದಕ್ಕೆ ಓದು ಬೇಕಿಲ್ಲ. ‘ಕ್ಯಾಟ್’ ಓದಿದ ಮಗು ಒಂದೇ ಅಕ್ಷರ ಬದಲಿಸಿ ‘ಹ್ಯಾಟ್’ ಓದುತ್ತದೆ. ಮುಂದಿನ ಪದವನ್ನು ಪ್ರಾಸದಿಂದಲೇ ಊಹಿಸುತ್ತದೆ, ಊಹೆ ನಿಜವಾದಾಗ ಗೆದ್ದವರ ಹಾಗೆ ನಗುತ್ತದೆ. ತೊಡಕಿರುವ ಜಾಗದಲ್ಲೇ ತಮಾಷೆಯೂ ಇದೆ.

ಕನ್ನಡದಲ್ಲಿ ತೊಡಕು ಬೇರೆ. ಬರೆದಂತೆ ಓದುವ ಭಾಷೆ ನಮ್ಮದು ಎಂದು ಹೆಮ್ಮೆಪಡುತ್ತೇವೆ, ಆದರೆ ಒತ್ತಕ್ಷರ ಬಂದ ಕೂಡಲೇ ಮಗು ನಿಂತುಬಿಡುತ್ತದೆ. ಜಿ.ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯ ನೋಡಿ. ‘ಕಸ್ತೂರಿ’ ಎಂದು ಬರೆಯುವಾಗ ದೀರ್ಘ ಅಂಟಿಕೊಳ್ಳುವುದು ‘ಸ’ಕ್ಕೆ, ಉಚ್ಚಾರದಲ್ಲಿ ಅದು ಕೆಳಗಿನ ‘ತ’ದ ಪಾಲು. ಮಗು ‘ಕಸೂರಿ’ ಎಂದರೆ ತುತ್ತೂರಿಯ ಪ್ರಾಸ ಒಪ್ಪುವುದಿಲ್ಲ. ತಿದ್ದುವುದಕ್ಕೆ ಮೇಷ್ಟರು ಬೇಕಿಲ್ಲ, ಕಿವಿ ಸಾಕು. ಜಂಬಪಟ್ಟವನ ತುತ್ತೂರಿ ನೀರಿಗೆ ಬಿದ್ದು ಕೆಡುತ್ತದೆ ಎಂಬ ನೀತಿಯೂ ಪದ್ಯದಲ್ಲಿದೆ ನಿಜ. ಸೂಸ್ ಈ ವಿಷಯದಲ್ಲಿ ಹೆಚ್ಚು ಧೈರ್ಯವಂತರು: ಅಮ್ಮನಿಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಮಗುವಿಗೇ ಬಿಟ್ಟು ಕಥೆ ನಿಲ್ಲಿಸುತ್ತಾರೆ. ಆದರೂ ತುತ್ತೂರಿ ನೆನಪಿನಲ್ಲಿ ಉಳಿದಿರುವುದು ನೀತಿಯಿಂದಲ್ಲ, ಸದ್ದಿನಿಂದ.

ರಾಜ್ಯೋತ್ಸವದ ವೇದಿಕೆಗೆ ಇಂಥ ಪದ್ಯಗಳನ್ನು ಕಲಿಸುವಾಗ ನಾವು ಮಕ್ಕಳ ಕೈಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಚೀಟಿ ಕೊಡುತ್ತೇವೆ. ಮನೆಯಲ್ಲಿ ಕನ್ನಡ ಆಡುವ ಮಗುವಿಗೂ ಅದೇ ಚೀಟಿ! ಚಪ್ಪಾಳೆ ಬೀಳುತ್ತದೆ, ಫೋಟೊ ಬರುತ್ತದೆ. ಇಂಗ್ಲಿಷ್ ಅಕ್ಷರಗಳಾದರೋ ಶಿಸ್ತಾಗಿ ಸಾಲಿನಲ್ಲಿ ನಿಲ್ಲುತ್ತವೆ, ಒಂದರ ಕಾಲಡಿ ಇನ್ನೊಂದು ನೇತಾಡುವ ಚೇಷ್ಟೆ ಅಲ್ಲಿಲ್ಲ. ಮಗು ಹಾಡಿದ್ದು ರಾಜರತ್ನಂ ಪದ್ಯವನ್ನೇ, ಓದಿದ್ದು ಮಾತ್ರ ಇನ್ನೇನನ್ನೋ.

ಈ ಸಲ ಚೀಟಿಯನ್ನು ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಮಗು ‘ಕಸೂರಿ’ ಎಂದರೆ ತಿದ್ದಬೇಡಿ, ಮುಂದಿನ ಸಾಲಿಗೂ ಹೋಗಬೇಡಿ. ‘ತುತ್ತೂರಿ’ಯಿಂದ ಇನ್ನೊಮ್ಮೆ ಓದಿಸಿ.